ಬಲಗಡೆಯ ಹೂವು

ಯಶೋದಮ್ಮನ ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಸಕ್ಕರೆ ಕಾಯಿಲೆ. ಇವತ್ತೇ ಆಸ್ಪತ್ರೆಗೆ ಸೇರಿ ಬೆರಳು ತೆಗೆಸದಿದ್ದರೆ ಪಾದವೇ ಹೋದೀತು ಎಂದು ಡಾಕ್ಟರು ಹೇಳಿದ್ದರು. ಯಶೋದಮ್ಮ ಮಾತ್ರ, ಆಂಜನೇಯನನ್ನು ಒಂದು ಮಾತು ಕೇಳದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದು ಕೂತರು.

ಮಗ ಗಿರಿರಾಜನಿಗೆ ತಲೆ ಕೆಟ್ಟಿತು. ಗ್ರಹಣದ ದಿನ ಬೇಕೆಂತಲೇ ಗೇಟಿನ ಮುಂದೆ ನಿಂತು ಚಿತ್ರಾನ್ನ ತಿನ್ನುವ ಆಸಾಮಿ ಅವನು. ಬಸವೇಶ್ವರನಗರದ ಆ ಬೀದಿಯಲ್ಲಿ ದೇವರಿಲ್ಲ ಎಂದು ಹೇಳಿಕೊಂಡು ತಿರುಗುವವನು ಅವನೊಬ್ಬನೇ. ಕೇಳುವವರಿಲ್ಲದಿದ್ದರೂ ಹೇಳುವುದನ್ನು ಬಿಟ್ಟಿರಲಿಲ್ಲ. ಅಮ್ಮನಿಗೆ ರಿಪೋರ್ಟು ಓದಿ ಹೇಳಿದ, ಬೈದ, ಕೊನೆಗೆ ಅತ್ತೂಬಿಟ್ಟ. ಅಳು ಕೇಳಿ ಮಹಡಿಯಿಂದ ಇಳಿದು ಬಂದ ಮನೆ ಓನರ್ ವರಲಕ್ಷ್ಮಿ ಆಂಟಿ ಅಮ್ಮನ ಪಕ್ಷ ವಹಿಸಿದರು. ಅವರ ನಾದಿನಿಯ ಮದುವೆಯೂ ಹೂ ಕೇಳಿಯೇ ಆದದ್ದಂತೆ. ಆ ಮದುವೆ ಮುರಿದುಬಿದ್ದದ್ದನ್ನು ಗಿರಿರಾಜ ನೆನಪಿಸಲಿಲ್ಲ, ಅವನದು ಬಾಡಿಗೆ ಮನೆ.

ಹೂ ಕೇಳುವ ಕ್ರಮ ಸರಳ. ಮನಸ್ಸಿನಲ್ಲೇ ಪ್ರಶ್ನೆ ಕೇಳಿ ದೇವರ ಮುಂದೆ ಕಣ್ಣುಮುಚ್ಚಿ ನಿಲ್ಲಬೇಕು. ಮೂರ್ತಿಗೆ ಸಿಗಿಸಿದ ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ.

ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಗಿರಿರಾಜ ಸ್ಕೂಟರ್ ಹತ್ತಿ ಗುಡಿಗೆ ಓಡಿದ. ಬಲಗಡೆಯ ಹೂವನ್ನು ಸ್ವಲ್ಪ ಸಡಿಲವಾಗಿ ಇಡಬೇಕು, ಅಮ್ಮನ ಕಾಲಿನ ಪ್ರಶ್ನೆ ಎಂದು ಅರ್ಚಕ ಕೃಷ್ಣಯ್ಯನವರ ಕೈ ಹಿಡಿದುಕೊಂಡ. ಅವರು ಬಹಳ ಹೊತ್ತು ದೀಪದ ಬತ್ತಿ ಸರಿಮಾಡುತ್ತಾ ಕೂತರು.

"ಸಡಿಲ ಇಡ್ತೀನಿ. ಎಡಗಡೇದು ಗಟ್ಟಿಯಾಗಿ ಸಿಗಿಸ್ತೀನಿ," ಎಂದರು. "ಬೀಳ್ಸೋದು ಮಾತ್ರ ಅವನ ಇಷ್ಟ ಕಣಪ್ಪ."

ಅವನು ಮನೆಗೆ ಮರಳಿ ಕರೆದ ಆಟೋದಲ್ಲಿ ಅಮ್ಮನ ಜೊತೆ ವರಲಕ್ಷ್ಮಿ ಆಂಟಿಯೂ ಹತ್ತಿ ಕೂತರು. ಗುಡಿಯಲ್ಲಿ ಗಿರಿರಾಜ ಸೆಕೆಯ ನೆಪ ಹೇಳಿ ಫ್ಯಾನ್ ಹಾಕಿದ. ಗಾಳಿಗೆ ಬಿದ್ದ ಹೂ ಲೆಕ್ಕಕ್ಕಿಲ್ಲ ಎಂದು ಆಂಟಿ ಫ್ಯಾನ್ ಆಫ್ ಮಾಡಿದರು. ಅಮ್ಮ ಕಣ್ಣುಮುಚ್ಚಿ ನಿಂತರು.

ಹೂ ಬೀಳಲಿಲ್ಲ. ಸರ್ಕಾರಿ ಕಚೇರಿಯ ಫೈಲಿನ ಹಾಗೆ ಇದ್ದಲ್ಲೇ ಇತ್ತು. ಆಸ್ಪತ್ರೆಯಿಂದ ಫೋನ್ ಬಂತು: ಬೇಗ ಬಾರದಿದ್ದರೆ ಬೆಡ್ ಬೇರೆಯವರಿಗೆ ಹೋಗುತ್ತದೆ. ನಿಂತೂ ನಿಂತೂ ಅಮ್ಮನ ಬ್ಯಾಂಡೇಜು ಒದ್ದೆಯಾಗಿ ವಾಸನೆ ಬರತೊಡಗಿತ್ತು. ಗಿರಿರಾಜನಿಗೆ ಎಂದೂ ಆಗದಷ್ಟು ಭಯವಾಯಿತು. ಅವನ ಕೈಗಳು ತಾವಾಗಿಯೇ ಕೂಡಿಕೊಂಡವು.

"ಅಮ್ಮನ ಕಾಲು ಉಳಿಸಪ್ಪಾ ತಂದೆ," ಎಂದು ಅವನ ಬಾಯಿ ಗೊಣಗಿತು.

ಬಲಗಡೆಯ ಹೂ ಟಪ್ಪೆಂದು ಬಿತ್ತು.

ಕೃಷ್ಣಯ್ಯ ಗಂಟೆ ಬಾರಿಸಿ, ಹೂವನ್ನು ಯಶೋದಮ್ಮನ ಕೈಗೆ ಕೊಟ್ಟರು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಅತ್ತರು. ಗಿರಿರಾಜ ಗೆದ್ದವನಂತೆ ಅಮ್ಮನನ್ನು ಆಟೋಗೆ ಹತ್ತಿಸಿ ಆಸ್ಪತ್ರೆಯ ವಿಳಾಸ ಹೇಳಿದ.

"ಬೇಡಪ್ಪ, ಮನೆ ಕಡೆ ಬಿಡು," ಎಂದರು ಯಶೋದಮ್ಮ ಡ್ರೈವರಿಗೆ. ಮಗನ ಕಡೆ ತಿರುಗಿ, "ಆಪರೇಷನ್ ಇಲ್ದೇನೇ ವಾಸಿಯಾಗುತ್ತಾ ಅಂತ ಕೇಳ್ದೆ ಕಣೋ. ಬಲಗಡೇನೇ ಕೊಟ್ಟ," ಎಂದರು.

ಗಿರಿರಾಜ ತಾನು ಅರ್ಚಕರಿಗೆ ಹೇಳಿ ಹೂ ಸಡಿಲ ಮಾಡಿಸಿದ್ದನ್ನು, ಫ್ಯಾನ್ ಹಾಕಿದ್ದು ಯಾತಕ್ಕೆಂಬುದನ್ನು ತೊದಲುತ್ತಾ ಒಪ್ಪಿಕೊಂಡ. ಬೇಕಾದರೆ ಅರ್ಚಕರನ್ನೇ ಕೇಳು ಎಂದು ಅಂಗಲಾಚಿದ. ಯಶೋದಮ್ಮ ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಬರಲಿಲ್ಲ, ಮುಖ ಇನ್ನಷ್ಟು ಬೆಳಗಿತು.

"ದೇವ್ರೇ ಇಲ್ಲ ಅನ್ನೋ ನಿನ್ನ ಕೈಲೇ ಈ ಕೆಲಸ ಮಾಡಿಸ್ಕೊಂಡಿದಾನೆ ಅಂದ್ರೆ, ನನ್ನ ಮೇಲೆ ಅವನಿಗೆ ಎಷ್ಟು ಕರುಣೆ ಇರ್ಬೇಕು ನೋಡು."

"ಗಿರಿನೂ ಕೈ ಮುಗಿದು ಬೇಡ್ಕೊಂಡ ಕಣ್ರೀ, ನಾನೇ ಕಣ್ಣಾರೆ ಕಂಡೆ," ಎಂದು ಆಂಟಿ ಸಾಕ್ಷಿ ಹೇಳಿದರು.

ಗಿರಿರಾಜನ ಜೇಬಿನಲ್ಲಿ ಫೋನ್ ಬಡಿದುಕೊಂಡು ಸುಮ್ಮನಾಯಿತು. ಅಮ್ಮ ಪ್ರೀತಿಯಿಂದ ಆ ಹೂವನ್ನು ಅವನ ಕಿವಿಗೆ ಗಟ್ಟಿಯಾಗಿ ಸಿಗಿಸಿದರು. ಆಟೋ ಗುಂಡಿಯಿಂದ ಗುಂಡಿಗೆ ಕುಲುಕುತ್ತಾ ಮನೆಯ ಕಡೆ ಹೊರಟಿತು. ಹೂ ಬೀಳಲಿಲ್ಲ.