ಹೆಗ್ಗಣಕ್ಕಾಗಿ ಹೊಸ ನಳಿಗೆ

ನನಗೊಂದು ಚಟವಿದೆ. ಕುಡಿತವೋ ಇಸ್ಪೀಟೋ ಆಗಿದ್ದರೆ ಹೆಂಡತಿಗೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಲಿಕ್ಕಾದರೂ ಬರುತ್ತಿತ್ತು. ಇದು ಹೇಳಿಕೊಳ್ಳಲೂ ಬಾರದ ಚಟ. ಪೇಟೆಯಿಂದ ತಂದ ಯಾವ ವಸ್ತುವನ್ನೂ ಇದ್ದ ಹಾಗೆ ಇರಗೊಡಲಾರೆ. ಅದರಲ್ಲೂ ಅಗ್ಗದ ವಸ್ತು ಸಿಕ್ಕರೆ ಮುಗಿಯಿತು. ದುಬಾರಿಯದನ್ನು ಬಿಚ್ಚಲು ಎದೆ ನಡುಗುತ್ತದೆ. ಅಗ್ಗದ್ದು ತಾನಾಗಿಯೇ 'ಬಿಚ್ಚಪ್ಪಾ' ಎಂದು ಕರೆಯುತ್ತದೆ. ನಮ್ಮ ಮೋಟರ್ ಸೈಕಲ್ಲಿನ ಸೀಟನ್ನು ನಾನು ಸುಧಾರಿಸಿದ ಮೇಲೆ ನನ್ನ ಹೆಂಡತಿ ಸುಮಿತ್ರಾ ಅದನ್ನು ಹತ್ತಲು ಕಟ್ಟೆ ಹುಡುಕುತ್ತಾಳೆ. ಮದುವೆಯಾದ ಹೊಸತರಲ್ಲಿ ಅವಳು ಚಹಾ ಕುದಿಸುವ ಪದ್ಧತಿಯನ್ನೂ ಸ್ವಲ್ಪ ಸುಧಾರಿಸಲು ಹೋಗಿದ್ದೆ. ಅಂದಿನಿಂದ ನನ್ನ ಚಹಾ ನಾನೇ ಕುದಿಸಿಕೊಳ್ಳುತ್ತೇನೆ.

ಅಥಣಿಯಿಂದ ಮಂಗಸೂಳಿಗೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮ ದ್ರಾಕ್ಷಿ ತೋಟ. ಒಂದು ಕಡೆ ಒಣದ್ರಾಕ್ಷಿ ಮಾಡುವ ಶೆಡ್ಡು, ಅದರೆದುರಿಗೆ ಕಪ್ಪು ಪ್ಲಾಸ್ಟಿಕ್ ಹಾಸಿದ ದೊಡ್ಡ ನೀರಿನ ಹೊಂಡ. ನೀರು ಸಿಕ್ಕಾಗ ಅದನ್ನು ದಡತುಂಬ ತುಂಬಿಟ್ಟುಕೊಂಡರೆ ಬೇಸಿಗೆಯಲ್ಲಿ ಬಳ್ಳಿಗಳು ಬದುಕುತ್ತವೆ, ಬಳ್ಳಿ ಬದುಕಿದರೆ ನಾವು. ಈ ಹೊಂಡದ ಆಚೆ ದಂಡೆಯಲ್ಲಿ, ಪ್ಲಾಸ್ಟಿಕ್ಕಿನ ಹಿಂದಿನ ಮಣ್ಣಿನಲ್ಲೇ, ಒಂದು ಹೆಗ್ಗಣ ಬಿಲ ತೋಡಿತು. ಹೆಗ್ಗಣವೆಂದರೆ ಸಣ್ಣಪುಟ್ಟದ್ದಲ್ಲ, ಮೊದಲ ಸಲ ನೋಡಿದಾಗ ನಾನು ಬೆಕ್ಕೆಂದು ತಿಳಿದು ಪ್ರೀತಿಯಿಂದ ಕರೆದಿದ್ದೆ. ಅದರ ಹಲ್ಲಿಗೂ ನಮ್ಮ ಬೇಸಿಗೆಯ ನೀರಿಗೂ ನಡುವೆ ಇದ್ದದ್ದು ಆ ಪ್ಲಾಸ್ಟಿಕ್ ಹಾಳೆಯೊಂದೇ. ಸುಮಿತ್ರಾ ದಿನಾ ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮುಂಚೆ ಹೊಂಡದ ದಂಡೆಗೆ ಹೋಗಿ ಹಾಳೆ ನೋಡಿ ಬರುತ್ತಿದ್ದಳು.

ಬೋನು ಇಟ್ಟೆವು, ಒಳಗಿನ ಭಜಿ ತಿಂದು ಹೋಯಿತು. ವಿಷ ಇಡಲು ನಾಯಿಗಳ ಭಯ. ಆಗ ನನಗೆ ಅಟ್ಟದ ಮೇಲಿನ ಗಾಳಿ ಬಂದೂಕು ನೆನಪಾಯಿತು. ಲೈಸನ್ಸು ಬೇಡದ ಅಗ್ಗದ ಮಾಲು. ಸೈಕಲ್ಲಿಗೆ ಹೊಡೆದಂತೆ ಪಂಪಿನಿಂದ ಗಾಳಿ ತುಂಬಬೇಕು, ಬಾಗಿಲ ಚಿಲಕದ ಹಾಗೆ ಬೋಲ್ಟು ಹಿಂದಕ್ಕೆಳೆದು ಸೀಸದ ಚಿಕ್ಕ ಗುಂಡು ಇಡಬೇಕು. ನವಿಲು, ಗಿಳಿ, ಕಾಡುಹಂದಿ ಇವುಗಳ ಬೆನ್ನಿಗೆಲ್ಲ ಸರಕಾರವಿದೆ. ಹೆಗ್ಗಣಕ್ಕೆ ಮಾತ್ರ ಯಾರ ಶಿಫಾರಸೂ ಇಲ್ಲ. ಆದರೆ ಹತ್ತಿರ ಹೋದರೆ ಅದು ಬಿಲದೊಳಗೆ. ಶೆಡ್ಡಿನ ಮೇಲಿನ ಅಂತಸ್ತಿನಲ್ಲಿ, ದ್ರಾಕ್ಷಿ ಹರವುವ ಜಾಳಿಗೆಯ ಮೇಲೆ ಬೋರಲು ಮಲಗಿ, ಇಡೀ ಹೊಂಡ ದಾಟಿಸಿ ಹೊಡೆಯಬೇಕು. ಹೊಡೆದೆ. ಗುರಿ ಇಟ್ಟದ್ದು ಹೆಗ್ಗಣಕ್ಕೆ, ಠಣ್ ಎಂದದ್ದು ಪಂಪಿನ ಮನೆಯ ತಗಡು. ಮತ್ತೆ ಹೊಡೆದೆ. ಈ ಸಲ ಯಾವ ಸಪ್ಪಳವೂ ಆಗಲಿಲ್ಲ. ಆ ಗುಂಡು ಎಲ್ಲಿಗೆ ಹೋಯಿತೆಂದು ಇಂದಿಗೂ ಗೊತ್ತಿಲ್ಲ.

ಬಂದೂಕನ್ನು ಹೆಗಲಿಗೇರಿಸಿಕೊಂಡು ಅಥಣಿಗೆ, ಸಲೀಂಭಾಯಿಯ ಲೇಥ್ ಅಂಗಡಿಗೆ ಹೋದೆ. ಸಲೀಂಭಾಯಿ ಕಬ್ಬಿನ ಟ್ರೇಲರುಗಳ ಹುಕ್ಕು, ಆಕ್ಸಲ್ ಮಾಡುವವನು. ನನ್ನದೇ ಚಟ ಅವನಿಗೂ ಇದೆ, ಅದಕ್ಕೇ ನಮ್ಮ ಗೆಳೆತನ. ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಇಣುಕಿದ.

"ಅರೆ ಅಣ್ಣಾರ, ಇದು ನಳಗಿ ಅಲ್ರಿ, ಗೊಬ್ಬರಗ್ಯಾಸಿನ ಪೈಪ ಐತಿ. ಬಂದೂಕ ಬರೋಬ್ಬರಿ ಐತಿ, ನಳಗಿ ಒಂದ ಬದಲಿ ಮಾಡೂನು. ಏಕದಮ್ ಹೊಸಾದು."

'ಬದಲಿ ಮಾಡೂನು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ಜುಮ್ಮೆಂದಿತು. ಪುಣೆಯಿಂದ ಅದೇ ಅಳತೆಯ ಒಳ್ಳೆಯ ನಳಿಗೆ ತರಿಸಿದೆ. ಪಾರ್ಸೆಲ್ಲಿನ ಹುಡುಗ ಫೋನು ಮಾಡುವ ಮುಂಚೆ ನಾನೇ ಅವನಿಗೆ ಫೋನು ಮಾಡುತ್ತಿದ್ದೆ. ಕೊನೆಗೆ ಅವನು ನನ್ನ ನಂಬರು ಎತ್ತುವುದನ್ನೇ ಬಿಟ್ಟ. ಬಂತು! ಎಣ್ಣೆಕಾಗದ ಬಿಚ್ಚಿ ಬಿಸಿಲಿಗೆ ಹಿಡಿದು ಇಣುಕಿದರೆ, ಒಳಗೆ ನುಣುಪಾದ ಗೆರೆಗಳು ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ಬೆಳಕಿನ ಕಡೆಗೆ ಹೋಗುತ್ತಿದ್ದವು. ಇಷ್ಟು ಚೆಂದದ ವಸ್ತು ನಮ್ಮ ಮನೆಗೆ ಬಂದೇ ಇರಲಿಲ್ಲ. ಇದನ್ನು ಸುಮಿತ್ರಾಳ ಎದುರೇ ಹೇಳಿಬಿಟ್ಟೆ. ಅಂದು ಸಂಜೆ ಊಟಕ್ಕೆ ಮುಂಜಾನೆಯ ಪಲ್ಯವೇ ಇತ್ತು.

ಕೂಡಿಸುವ ದಿನ ಸಲೀಂಭಾಯಿ ಟ್ರೇಲರಿನವರನ್ನು "ನಾಳಿ ಬರ್ರಿ, ಇವತ್ತ ಆಪರೇಶನ್ ಐತಿ" ಎಂದು ವಾಪಸು ಕಳಿಸಿದ. ಹಳೆಯದನ್ನು ತೆಗೆದ, ಹೊಸದನ್ನು ಕೂರಿಸಿದ, ನೋಡಿದ, ಮತ್ತೆ ತೆಗೆದು ಕೂದಲೆಳೆಯಷ್ಟು ಸವರಿದ. ನಾನು ಟಾರ್ಚು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ. ಸುಮಿತ್ರಾಳ ಹೆರಿಗೆಯ ಹೊತ್ತಿನಲ್ಲಿ ನಾನು ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದೆನಂತೆ. ಆ ಮಾತು ಇಲ್ಲಿ ಬೇಡ. ಇಬ್ಬರೂ ಕೂಡಿ ಊರ ಹೊರಗಿನ ಹಾಳು ಕ್ವಾರಿಗೆ ಹೋಗಿ, ಕಲ್ಲಿನ ಮೇಲೆ ಖಾಲಿ ಕಡ್ಡಿಪೆಟ್ಟಿಗೆ ನಿಲ್ಲಿಸಿ, ಕಡ್ಡಿಪೆಟ್ಟಿಗೆ ಕಡ್ಡಿಯಷ್ಟು ಕಾಣುವವರೆಗೆ ಹಿಂದಕ್ಕೆ ನಡೆದೆವು. ಹೊಡೆದೆ. ಪೆಟ್ಟಿಗೆ ಹಾರಿತು! ಸಲೀಂಭಾಯಿ ಹೊಡೆದ. ಮತ್ತೆ ಹಾರಿತು! ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ಕುರಿ ಮೇಯಿಸುತ್ತಿದ್ದವನೊಬ್ಬ ದೂರದಲ್ಲಿ ನಿಂತು ನೋಡಿ, ಕುರಿಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋದ.

ಮನೆಗೆ ಬಂದು ಸುಮಿತ್ರಾಳಿಗೆ ಘಂಟಾಘೋಷವಾಗಿ ಹೇಳಿದೆ. "ಐತ್ವಾರ ಸಂಜೀಗೆ ನಿನ್ನ ಹೆಗ್ಗಣ ಖಲ್ಲಾಸ್."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಬಂದೂಕ ಗುಜರಿಗೆ ಹಾಕ್ತೇನಿ."

"ಅವ್ವಾರ, ಕೇಳಿದ್ರಲ್ಲಾ?" ಎಂದು ಆಕೆ ಒಳಗಿದ್ದ ನಮ್ಮವ್ವನನ್ನು ಸಾಕ್ಷಿ ಮಾಡಿಕೊಂಡಳು.

ಐತ್ವಾರ ಮಲ್ಲಯ್ಯನ ವಾರ. ಅವ್ವ ಬೆಳಿಗ್ಗೆಯೇ ಮಂಗಸೂಳಿಯ ಗುಡಿಗೆ ಹೋಗಿ ಬಂದಿದ್ದಳು. ನಾನು ಜಳಕ ಮುಗಿಸಿ ಬರುವಷ್ಟರಲ್ಲಿ ಬಂದೂಕು ದೇವರ ಜಗಲಿಯ ಮುಂದೆ ಮಣೆಯ ಮೇಲೆ ಮಲಗಿತ್ತು. ಮೈತುಂಬ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಮೇಲೆ ಸೇವಂತಿಗೆ. ಇದರಲ್ಲಿ ಹೊಸದೇನಿಲ್ಲ. ನಮ್ಮ ಮನೆಯಲ್ಲಿ ಟ್ರ್ಯಾಕ್ಟರು, ಮಿಕ್ಸರು, ನನ್ನ ಮೊದಲ ಮೊಬೈಲು, ಎಲ್ಲವೂ ಭಂಡಾರ ಹಚ್ಚಿಕೊಂಡೇ ಕೆಲಸಕ್ಕೆ ಹಾಜರಾದವು. ನಾನು ಮೈ ಒರಸಿಕೊಳ್ಳುತ್ತ ನಳಿಗೆಯ ಬಾಯಿ ನೋಡಿದೆ. ಹಳದಿ.

"ಏನ ಬೇ ಅವ್ವಾ, ಬಾಯಾಗೂ ಹಾಕಿಯೇನು?"

"ಮತ್ತ? ಬೋರಿಗೆ ಮೋಟರ ಇಳಿಸೂಮುಂದ ಬಾಯಾಗ ಹಾಕೂದಿಲ್ಲೇನೋ? ಇದೂ ಪೈಪ, ಅದೂ ಪೈಪ. ಹೊರಗ ಹಚ್ಚಿದರ ಒಳಗಿನ ಕೆಲಸಾ ಆಗತೈತೇನು?"

ವಾದ ಬಿಗಿಯಾಗಿತ್ತು. ತೊಳೆಯೋಣವೆಂದರೆ ಅವ್ವ ಕಣ್ಣು ಬಿಟ್ಟುಕೊಂಡು ಎದುರಿಗೇ ಕೂತಿದ್ದಾಳೆ. ಬಟ್ಟೆಯ ತುದಿಯಿಂದ ಗುಟ್ಟಾಗಿ ಒರಸಿದೆ. ಒಳಗಿನ ಎಣ್ಣೆಗೆ ಸೇರಿ ಅದು ಆಗಲೇ ಒಗ್ಗರಣೆಯ ಹದಕ್ಕೆ ಬಂದಿತ್ತು.

ಸಂಜೆ ಶೆಡ್ಡಿನ ಮೇಲೆ ಬೋರಲು ಮಲಗಿದೆ. ಕೆಳಗೆ ಸುಮಿತ್ರಾ, ಅವ್ವ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕೂತಿದ್ದರು, ಆದರೆ ಇಬ್ಬರ ಕಣ್ಣೂ ಆಚೆ ದಂಡೆಯ ಮೇಲೆಯೇ. ಹೆಗ್ಗಣ ಬಂತು! ಹೊಂಡದ ಅಂಚಿನಲ್ಲಿ ನೀರಿಗೆ ಮುಖ ಮಾಡಿ ಕೂತು ಮೀಸೆ ತೀಡಿತು. ಬಂದೂಕಿನ ಮೇಲೆ ಕೂರಿಸಿದ್ದ ದುರ್ಬೀನಿನಲ್ಲಿ ಅದರ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಉಸಿರು ಹಿಡಿದೆ, ಬಂದೂಕಿನ ಕುದುರೆ ಎಳೆದೆ. ಫುಸ್ಸೆಂದು ಒಂದು ಹಳದಿ ಮೋಡ ಎದ್ದಿತು. ಮೋಡ ಸರಿದಾಗ ಹೆಗ್ಗಣ ಇದ್ದಲ್ಲೇ ಇತ್ತು. ನನ್ನ ಕಡೆಗೊಮ್ಮೆ ನೋಡಿ, ಗಡಿಬಿಡಿಯಿಲ್ಲದೆ ಒಳಗೆ ಹೋಯಿತು. ಗುಂಡು ಎಲ್ಲಿ ಹೋಯಿತೆಂದು ಯಾರಿಗೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಸುಮಿತ್ರಾಳ ಕೂಗು ಕೇಳಿ ಓಡಿದೆ. ಆಚೆ ದಂಡೆಯ ಹೊರಬದಿಯಿಡೀ ಕೆಸರು. ಹೆಗ್ಗಣದ ಬಿಲದಿಂದ ನೀರು ಹರಿಯುತ್ತಿದೆ. ಹೊಂಡದೊಳಗೆ ನೀರು ಇಳಿದ ಗುರುತಿನ ಪಕ್ಕ, ಹಾಳೆಯಲ್ಲಿ ಒಂದು ತೂತು! ನನಗೆ ಸಿಟ್ಟು ನೆತ್ತಿಗೇರಿತು.

"ನೋಡ, ಕಡದೈತಿ! ನಾ ಹೇಳಿದ್ದಿಲ್ಲ? ಹರಾಮಖೋರ ಹೆಗ್ಗಣ ಕಡಿದ ಬಿಡ್ತು!"

ಸುಮಿತ್ರಾ ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಕಡದದ್ದು ಹಿಂಗ ದುಂಡಗ ಇರ್ತೈತೇನ್ರಿ? ಮತ್ತ ಸುತ್ತಲೂ ಹಳದಿ ಯಾಕೈತಿ? ನಿಮ್ಮ ಹೆಗ್ಗಣ ಮಂಗಸೂಳಿಗೆ ಹೋಗಿ ಬಂದೈತೇನು?"

ಹಿಂದೆ ಬಂದಿದ್ದ ಅವ್ವ ಅಲ್ಲಿಯೇ ಕೈ ಮುಗಿದಳು. "ಮಲ್ಲಯ್ಯಗ ಅದರ ಜೀಂವಾ ತಗಿಯೂ ಮನಸ ಇದ್ದಿಲ್ಲ ಬಿಡು" ಎಂದಳು.

ಪಂಪಿನ ಮನೆಯಿಂದ ಅಂಟಿನ ಡಬ್ಬಿ, ಪ್ಲಾಸ್ಟಿಕ್ ತುಂಡು ತಂದು ಸುಮಿತ್ರಾ ನನ್ನ ಕೈಗಿಟ್ಟಳು. ಒಂದು ವರ್ಷದಿಂದ ಹೆಗ್ಗಣ ಮಾಡದೇ ಬಿಟ್ಟಿದ್ದ ಕೆಲಸವನ್ನು ನಾನು ಒಂದೇ ಗುಂಡಿಗೆ ಮಾಡಿ ಮುಗಿಸಿದ್ದೆ. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ತಲೆ ತಗ್ಗಿಸಿಕೊಂಡು ಹೊಂಡಕ್ಕಿಳಿದೆ. ತೇಪೆ ಇಡಬೇಕು, ಅಷ್ಟರಲ್ಲಿ ತೂತಿನ ನೇರಕ್ಕೆ ಮೇಲೆ, ಅಂಚಿನ ಮಣ್ಣಿನಲ್ಲಿ ಹೆಗ್ಗಣದ ಹೆಜ್ಜೆ ಕಂಡವು. ನಿನ್ನೆ ಅದು ಕೂತು ಮೀಸೆ ತೀಡಿದ ಜಾಗ. ತೂತಿನಿಂದ ಹೆಜ್ಜೆಯವರೆಗೆ ಕೈಯಿಟ್ಟು ಅಳೆದೆ. ನಂಬಲಾಗದೆ ಮತ್ತೊಮ್ಮೆ ಅಳೆದೆ. ಬರೀ ನಾಲ್ಕು ಬೆರಳು! ಅಷ್ಟು ದೂರದಿಂದ, ನಳಿಗೆಯೊಳಗೆ ಅಷ್ಟು ಭಂಡಾರ ಇಟ್ಟುಕೊಂಡು, ಬರೀ ನಾಲ್ಕು ಬೆರಳು! ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು, ತೇಪೆಯನ್ನು ಬಾಯಲ್ಲಿ ಕಚ್ಚಿಕೊಂಡು, ಸಲೀಂಭಾಯಿಗೆ ಫೋನು ಹಚ್ಚಿದೆ.