ನೀರು ಹೇಳಿದ ಮಟ್ಟ

ವೆರೊನಿಕಾ ಬಾಯಿ ಪಿಕಪ್ ಹತ್ತಲು ಇಟ್ಟುಕೊಳ್ಳುತ್ತಿದ್ದ ಪ್ಲಾಸ್ಟಿಕ್ ಸ್ಟೂಲು ಆ ದಿನ ಬೆಳಿಗ್ಗೆ ಮುರಿಯಿತು. ಕುಕ್ಕುಂದೂರಿನಲ್ಲಿ ಅವರ ಮಗ ಜೆಫ್ರಿಯ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಎರಡೇ ಸೀಟಿನ ಆ ಪಿಕಪ್ಪಿಗೆ ಜೆಫ್ರಿ ಆನ್‌ಲೈನಿನಲ್ಲಿ ತರಿಸಿದ ಸಸ್ಪೆನ್ಷನ್ ಹಾಕಿಸಿದ್ದ. ಸ್ಪ್ರಿಂಗಿನ ಬುಡದಲ್ಲಿ ಒಂದು ರಿಂಗು. ಅದನ್ನು ತಿರುಗಿಸಿದರೆ ಗಾಡಿ ಏರುತ್ತದೆ, ಇಳಿಯುತ್ತದೆ. ಇವನು ಏರಿಸಿದ್ದೇ ಏರಿಸಿದ್ದು. ಗಾಡಿ ಸೀರೆ ಎತ್ತಿ ಹೊಳೆ ದಾಟುವ ಅಜ್ಜಿಯ ಹಾಗೆ ನಿಂತಿತ್ತು.

ಮಧ್ಯಾಹ್ನ ಉಡುಪಿಯಾಚೆಯ ಕೆಮ್ಮಣ್ಣಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಎರಡು ಸಂಬಂಧ ಆಗಲೇ ತಪ್ಪಿದ್ದವು. ಇದೂ ತಪ್ಪಿದರೆ ಮೂವತ್ತನಾಲ್ಕರ ಜೆಫ್ರಿಗೆ ಇನ್ನೊಬ್ಬಳನ್ನು ಹುಡುಕುವ ತಾಳ್ಮೆ ದಲ್ಲಾಳಿಗೂ ಇರಲಿಲ್ಲ.

“ಮಮ್ಮಿ, ಬಾಡಿಗೆ ಕಾರು ಮಾಡುವ.”

“ನಮಗೆ ಗಾಡಿ ಉಂಟು ಅಂತ ಫೋಟೋ ಕಳಿಸಿ ಆಗಿದೆ. ನನಗೆ ಹತ್ತಲಿಕ್ಕೆ ಆಗುವಷ್ಟು ಇಳಿಸು, ಇಲ್ಲದಿದ್ದರೆ ನೀನೊಬ್ಬನೇ ಹೋಗು ಪುತಾ.”

ತಾಯಿ ಇಲ್ಲದೆ ಹೆಣ್ಣು ನೋಡಲು ಹೋದವನಿಗೆ ಚಹಾ ಕೂಡ ಸಿಗುವುದಿಲ್ಲ. ಜೆಫ್ರಿ ಅಂಗಳದಲ್ಲೇ ಜಾಕ್ ಕೊಟ್ಟು, ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ತೂರಿದ. ನಾಲ್ಕೂ ಚಕ್ರಕ್ಕೆ ಹತ್ತತ್ತು ಸುತ್ತು ಇಳಿಸಿ ಎದ್ದಾಗ, ಕಂಪೌಂಡಿನ ಆಚೆ ನಿವೃತ್ತ ಬಸ್ ಡ್ರೈವರ್ ಉಮಾನಾಥಣ್ಣ ನಿಂತಿದ್ದರು.

“ಬಲಕ್ಕೆ ವಾಲಿದೆ ಮಾರಾಯ.”

“ಇಲ್ಲ, ಎಲ್ಲ ಕಡೆ ಹತ್ತೇ ಸುತ್ತು ತಿರುಗಿಸಿದ್ದೇನೆ.”

“ಮೂವತ್ತು ವರ್ಷ ಬಸ್ಸು ಓಡಿಸಿದ ಕಣ್ಣಿದು. ನಿನ್ನ ಸುತ್ತು ನನಗೆ ಎಂತಕ್ಕೆ?”

ಉಮಾನಾಥಣ್ಣನ ಗೋಡೆ ಕಟ್ಟುತ್ತಿದ್ದ ಗದಗ ಕಡೆಯ ಮೇಸ್ತ್ರಿ ಕಲ್ಲಯ್ಯ ಕರಣಿ ಕೆಳಗಿಟ್ಟು ಬಂದ. “ಕಣ್ಣು ನಂಬಬ್ಯಾಡ್ರಿ,” ಎಂದವನೇ ಮಟ್ಟ ನೋಡುವ, ನೀರು ತುಂಬಿದ ಪೈಪು ತಂದ. ಒಂದು ತುದಿ ಎಡ ಮಡ್‌ಗಾರ್ಡಿನ ಅಂಚಿಗೆ ಉಮಾನಾಥಣ್ಣನ ಕೈಯಲ್ಲಿ, ಇನ್ನೊಂದು ಬಲ ಅಂಚಿಗೆ ಕಲ್ಲಯ್ಯನ ಕೈಯಲ್ಲಿ. ಬಲಗಡೆ ನಾಲ್ಕು ಬೆರಳು ತಗ್ಗು.

“ನೀರು ಸುಳ್ಳ ಹೇಳಂಗಿಲ್ಲರೀ ಅಣ್ಣಾರ. ಬಲಕ್ಕ ಎತ್ರಿ.”

ಜೆಫ್ರಿ ಹಲ್ಲು ಕಚ್ಚಿ ಎತ್ತಿದ. ಅಳತೆ, ಮತ್ತೆ ಜಾಕ್, ಮತ್ತೆ ಅಳತೆ. ಊಟದ ಹೊತ್ತು ದಾಟಿತು. ಕೊನೆಗೆ ಕಲ್ಲಯ್ಯ ತೃಪ್ತಿಯಿಂದ ಪೈಪು ಸುತ್ತಿದ. “ಇನ್ನ ಇದರ ಮ್ಯಾಲ ಗ್ವಾಡಿ ಕಟ್ಟಬಹುದು.”

ಗೇಟು ದಾಟಿ ಡಾಂಬರು ರಸ್ತೆಗೆ ಇಳಿದದ್ದೇ ಗಾಡಿ ಎಡಕ್ಕೆ ವಾಲಿತು. ವೆರೊನಿಕಾ ಬಾಯಿ ಬಾಗಿಲಿಗೆ ಒರಗಿದರು. ಫೋನು ರಿಂಗಾಯಿತು, ಕಲ್ಲಯ್ಯನದು.

“ಅಣ್ಣಾರ, ನಿಮ್ಮ ಅಂಗಳಕ್ಕ ಸಿಮೆಂಟ್ ಹಾಕಿದವ ನಾನ ಅಲ್ರಿ? ಮಳಿ ನೀರು ಚರಂಡಿಗೆ ಹೋಗಲಿ ಅಂತ ಬಲಕ್ಕ ಇಳಿಜಾರ ಕೊಟ್ಟಿದ್ದೆ. ಈಗ ನೆನಪಾತು.”

ಅಂದರೆ ವಾಲಿದ್ದು ಅಂಗಳ, ಗಾಡಿಯಲ್ಲ. ಜೆಫ್ರಿ ಫೋನಿನಲ್ಲಿ ಹೇಳಿದ ಮಾತಿಗೆ ತಾಯಿ ಶಿಲುಬೆಯ ಗುರುತು ಹಾಕಿಕೊಂಡರು.

ಕೆಮ್ಮಣ್ಣಿನಲ್ಲಿ ವೆರೊನಿಕಾ ಬಾಯಿ ತಗ್ಗಿದ ಎಡಗಡೆಯಿಂದ, ಮಂಚದಿಂದ ಇಳಿದಷ್ಟು ಸಲೀಸಾಗಿ ಇಳಿದರು. “ಈಗ ಸರಿಯಾಯ್ತು ನೋಡು.”

ಹುಡುಗಿ ಶಾರ್ಲೆಟ್ ಜೆಫ್ರಿಯನ್ನು ನೋಡಲಿಲ್ಲ. ಗಾಡಿಗೆ ಒಂದು ಸುತ್ತು ಬಂದಳು. “ಫೋಟೋದಲ್ಲಿ ಎತ್ತರ ಇತ್ತಲ್ಲ? ನಮ್ಮ ರಸ್ತೆಗೆ ಹೊಳೆ ನೀರು ಬರ್ತದೆ. ಆ ಎತ್ತರ ನೋಡಿಯೇ ನಾನು ಬನ್ನಿ ಅಂದದ್ದು.”

ಅವಳ ತಂದೆ ರೊಸಾರಿಯೊ ಕೆಮ್ಮಿದರು. ಮೂರನೆಯ ಸಂಬಂಧವೂ ಕೈಬಿಟ್ಟಿತೆಂದುಕೊಂಡು ಜೆಫ್ರಿ ಚಹಾ ಕುಡಿದ. ಕುಡಿದು ಹೊರಬರುವಾಗ ಮಳೆಯ ಜೊತೆ ಉಬ್ಬರವೂ ಸೇರಿ ರಸ್ತೆಯಲ್ಲಿ ಕಪ್ಪು ನೀರು ಆಡುತ್ತಿತ್ತು.

ಶಾರ್ಲೆಟ್ ಇನ್ನೊಮ್ಮೆ ಗಾಡಿ ನೋಡಿದಳು. “ಸ್ಟೇರಿಂಗ್ ಕಡೆ ಎತ್ತರವೇ ಉಂಟು. ಕೀ ಕೊಡಿ. ಹೊಂಡ ಎಲ್ಲೆಲ್ಲಿ ಅಂತ ನಿಮಗೆ ಗೊತ್ತಿಲ್ಲ. ಹೇಗೂ ನನಗೆ ಮಣಿಪಾಲದಲ್ಲಿ ಡ್ಯೂಟಿ ಉಂಟು.”

ತಗ್ಗಿನ ಎಡ ಸೀಟಿನಲ್ಲಿ ವೆರೊನಿಕಾ ಬಾಯಿ ಆಗಲೇ ಕೂತಾಗಿತ್ತು. ಜೆಫ್ರಿ ಹಿಂದೆ ಹತ್ತಿದ. ರೊಸಾರಿಯೊ ಕೊಟ್ಟ ಬಾಳೆಗೊನೆಯನ್ನು ತಬ್ಬಿ ಕೂತ. ಒಳಗೆ ಇಬ್ಬರೂ ನಗುತ್ತಿದ್ದರು. ಉಡುಪಿ ಬಂದರೂ ನಗು ನಿಲ್ಲಲಿಲ್ಲ. ತಾಳಲಾರದೆ ಅವನು ಗಾಜು ಬಡಿದ.

“ಎಂತ ಆಯ್ತು ಮಮ್ಮಿ?”

ತಾಯಿ ಗಾಜು ಸರಿಸಿದರು. “ಎಲ್ಲ ನಿಶ್ಚಯ ಆಯ್ತು ಪುತಾ. ಆ ರಿಂಗಿಗೆ ಇನ್ನು ನೀನು ಕೈ ಹಾಕಬಾರದು. ಮದುವೆಯಾದ ಮೇಲೆ ಇಗರ್ಜಿಗೂ ಹೀಗೇ ಹೋಗುವುದು. ನಾನು ಇಲ್ಲಿ, ಇವಳು ಅಲ್ಲಿ.”

“ಮತ್ತೆ ನಾನು?”

“ಹಿಂದೆ ಒಳ್ಳೆ ಗಾಳಿ ಉಂಟಲ್ಲ,” ಎಂದು ಅವರು ಗಾಜು ಮುಚ್ಚಿದರು.