ವಿಯೆಟ್ನಾಂ ಷೇರು, ಅತ್ತೆಯ ಅಂಜೂರ

ಎಲ್ಲಿ ಕೂತು ಬೇಕಾದರೂ ಮಾಡಬಹುದಾದ ಕೆಲಸ ನನ್ನದು. ಬಟ್ಟೆ ಒಗೆಯುವ ಯಂತ್ರದ ಜೊತೆ ಒಂದು ಸಣ್ಣ ಪುಸ್ತಕ ಬರುತ್ತದಲ್ಲ, ಅದನ್ನು ಜರ್ಮನ್ ಭಾಷೆಯಿಂದ ನಮ್ಮ ಕ್ರೊಯೇಷಿಯನ್ ಭಾಷೆಗೆ ತರುವವನು ನಾನೇ. (ನೀವು ಓದಿರುವುದಿಲ್ಲ, ಗೊತ್ತು. ನನ್ನ ಹೆಂಡತಿಯೂ ಓದಿಲ್ಲ.) ಇದಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪು, ಒಂದು ಪ್ಲಗ್ಗು, ಅಷ್ಟೆ. ಚಳಿಗಾಲವನ್ನು ರಿಯೋದಲ್ಲಿ, ವಸಂತವನ್ನು ಹನೋಯಿಯಲ್ಲಿ ಕಳೆಯಬಹುದಾದ ನಿಕ್ಷಾ ಎಂಬ ಈ ಮಹಾಪುರುಷ, ಸ್ಪ್ಲಿಟ್ ಎಂಬ ಬಂದರು ನಗರದಿಂದ ಎರಡು ಗಂಟೆ ಹಡಗಿನ ದಾರಿಯಲ್ಲಿರುವ ದ್ವೀಪವೊಂದರಲ್ಲಿ, ಅತ್ತೆಯ ಮನೆಯಲ್ಲಿ, ಹನ್ನೊಂದು ವರ್ಷದಿಂದ ಒಂದೇ ಕುರ್ಚಿ ಸವೆಸುತ್ತಿದ್ದಾನೆ. ಕಾರಣ ಬೇರೇನಲ್ಲ, ಕೈಯಲ್ಲಿ ಕಾಸಿರಲಿಲ್ಲ.

ಹೋದ ವರ್ಷದ ಹಿಂದಿನ ಶರತ್ಕಾಲದಲ್ಲಿ ಕಾಸು ಬಂತು. ತೀರಿಕೊಂಡ ಮಾವನವರ ದ್ರಾಕ್ಷಿ ತೋಟದ ನಟ್ಟನಡುವೆ ಹೊಸ ರಸ್ತೆ ಹಾಯ್ದು, ಇಪ್ಪತ್ತು ಸಾವಿರ ಯೂರೋ ಪರಿಹಾರ ಸಿಕ್ಕಿತು. ಭಾನುವಾರದ ಊಟಕ್ಕೆ ಕೂತಾಗ ನಾನು ಗಂಟಲು ಸರಿಮಾಡಿಕೊಂಡು ಉಪನ್ಯಾಸ ಶುರು ಮಾಡಿದೆ. ನಮ್ಮ ಮನೆ, ನಮ್ಮ ಸಂಬಳ, ನಮ್ಮ ಬ್ಯಾಂಕು ಎಲ್ಲವೂ ಈ ಒಂದೇ ಬಂಡೆಯ ಮೇಲಿವೆ. ನಾಳೆ ದ್ವೀಪ ಮುಳುಗಿದರೆ ಎಲ್ಲವೂ ಒಟ್ಟಿಗೇ ಮುಳುಗುತ್ತದೆ. ಆದ್ದರಿಂದ ದುಡ್ಡನ್ನು ಹೊರದೇಶಕ್ಕೆ ಕಳಿಸೋಣ, ಅದು ಅಲ್ಲಿ ದುಡಿಯಲಿ, ಅದರ ಬೆನ್ನಿಗೇ ನಾವೂ ಹೊರಟುಬಿಡೋಣ ಎಂದೆ.

ಅತ್ತೆ ಫಿಲೋಮೆನಾ ಅವರಿಗೆ ಎಪ್ಪತ್ತೆರಡು. ಜೀವಮಾನದಲ್ಲಿ ಸ್ಪ್ಲಿಟ್ ದಾಟಿದವರಲ್ಲ, ಅಲ್ಲಿಗೂ ಹೋದದ್ದು ಹಲ್ಲು ಕೀಳಿಸಲು. ಅವರು ಮೀನಿನ ಮುಳ್ಳು ಬಿಡಿಸುತ್ತಲೇ ಕೇಳಿದರು.

"ದ್ವೀಪ ಮುಳುಗಿದ ಮೇಲೆ ನಿನ್ನ ಪ್ಲಗ್ಗು ಎಲ್ಲಿ ಚುಚ್ತೀಯ ಅಳಿಯಾ?"

ಅವರ ಮಾತಿನ ಪ್ರಕಾರ ದುಡ್ಡೆಂದರೆ ಕಣ್ಣೆದುರಿಗೆ ಇರಬೇಕು. ಮನೆಗೇ ಹಾಕಿ ಕೋಣೆ ಬಾಡಿಗೆಗೆ ಕೊಡಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ನಾನೂ, ದೂರದ ಬೆಟ್ಟ ನುಣ್ಣಗೆ ಎಂದು ಅವರೂ ಒಂದು ವಾರ ಕಾದಾಡಿದೆವು. ಕೊನೆಗೆ ನನ್ನ ಹೆಂಡತಿ ವಿಂಕಾ ತೀರ್ಪು ಕೊಟ್ಟಳು. (ಅವಳು ಬೇಸಿಗೆಯಲ್ಲಿ ಹಡಗುಕಟ್ಟೆಯ ಟಿಕೆಟ್ ಕಿಟಕಿಯಲ್ಲಿ ಕೂರುವವಳು, ಗದ್ದಲವನ್ನು ಎರಡು ಸಾಲಾಗಿ ನಿಲ್ಲಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ.) ಇಬ್ಬರಿಗೂ ಹತ್ತು ಹತ್ತು ಸಾವಿರ. ಮುಂದಿನ ಶರತ್ಕಾಲದಲ್ಲಿ ಬರುವ ಸಂತ ಮಾರ್ಟಿನ್ ಹಬ್ಬದ ದಿನ, ಹೊಸ ವೈನಿನ ಪೀಪಾಯಿ ತೆರೆಯುವಾಗ, ಯಾರು ಹೆಚ್ಚು ಗಳಿಸಿರುತ್ತಾರೋ ಎಲ್ಲ ದುಡ್ಡಿನ ಮೇಲೂ ಅವರದೇ ಮಾತು. ನಾನು ಗೆದ್ದರೆ ಮನೆಯನ್ನು ಅತ್ತೆಗೇ ಬಿಟ್ಟು, ವಿಂಕಾ ನನ್ನ ಜೊತೆ ಲೋಕ ಸುತ್ತುವುದು. ಅತ್ತೆ ಗೆದ್ದರೆ ನಾನು ಇನ್ನೆಂದೂ ಹೊರದೇಶದ ಸುದ್ದಿ ಎತ್ತದೆ ಮನೆಯ ಇಪ್ಪತ್ತೆರಡು ಕಿಟಕಿಗಳಿಗೂ ಹಸಿರು ಬಣ್ಣ ಬಳಿಯುವುದು.

ನನ್ನ ಹೂಡಿಕೆಯ ಸೂತ್ರ ಬಹಳ ಗಹನವಾದದ್ದು. ಯಾವ ದೇಶದ ಚಿತ್ರ ನೋಡಿದರೆ ಅಲ್ಲೇ ಹೋಗಿ ಕೂರಬೇಕೆನಿಸುತ್ತಿತ್ತೋ ಆ ದೇಶದ ಷೇರು ಕೊಂಡೆ. ಬ್ರೆಜಿಲ್, ವಿಯೆಟ್ನಾಂ, ಕೆನಡಾ. ಆಮೇಲೆ ದಿನಾ ಬೆಳಗ್ಗೆ ಕಾಫಿ ಹೊತ್ತಿಗೆ ಫೋನ್ ನೋಡಿ, ವಿಯೆಟ್ನಾಂ ಸ್ವಲ್ಪ ಕೆಳಗಿದೆ ಎಂದು ಗಂಭೀರವಾಗಿ ಘೋಷಿಸುವುದು. ಅತ್ತೆ ಕನಿಕರದಿಂದ, "ಅಲ್ಲಿ ಮಳೆ ಬಂತೇನೋ ಪಾಪ," ಅನ್ನುವುದು.

ಅವರು ಮಾತ್ರ ಎರಡು ಮಂಚ, ಒಂದು ಸ್ನಾನದ ಮನೆ ಮಾಡಿಸಿದರು. ಒಗೆಯುವ ಯಂತ್ರ ಬಂದ ಡಬ್ಬದಿಂದ ಒಂದು ರಟ್ಟು ಕತ್ತರಿಸಿ, 'ಕೋಣೆ ಇದೆ' ಎಂದು ನಾಲ್ಕು ಭಾಷೆಯಲ್ಲಿ ನನ್ನ ಕೈಯಲ್ಲೇ ಬರೆಸಿಕೊಂಡು, ಕಪ್ಪು ಉಡುಪಿನಲ್ಲಿ ಹಡಗುಕಟ್ಟೆಗೆ ಹೋಗಿ ನಿಂತರು. ಈಗಿನ ಕಾಲದಲ್ಲಿ ಎಲ್ಲರೂ ಫೋನಿನಲ್ಲೇ ಕೋಣೆ ಕೊಡುತ್ತಾರೆ, ರಟ್ಟು ಹಿಡಿಯುವವರು ಯಾರೂ ಇಲ್ಲ ಎಂದು ನಗಾಡಿದೆ. ಒಂದು ದಿನ ತಮಾಷೆ ನೋಡಲು ನಾನೂ ಹೋದೆ. ಹಡಗಿನಿಂದ ಇನ್ನೂರು ಜನ ಇಳಿದರು. ಅತ್ತೆ ಒಬ್ಬರ ಮುಖವನ್ನೂ ನೋಡಲಿಲ್ಲ, ಬರೀ ಕಾಲು ನೋಡುತ್ತಿದ್ದರು. ಹೋಟೆಲು ಗೊತ್ತುಮಾಡಿಕೊಂಡೇ ಬರುವ ಹೊಳೆಯುವ ಬೂಟುಗಳನ್ನು ಹೋಗಲು ಬಿಟ್ಟು, ಹಿಮ್ಮಡಿ ಸವೆದ ಒಂದು ಜೋಡಿಯ ಎದುರು ರಟ್ಟು ಎತ್ತಿದರು. ಐದೇ ಐದು ಜರ್ಮನ್ ಪದ ಖರ್ಚು ಮಾಡಿ ಆ ದಂಪತಿಯನ್ನು ಎರಡು ವಾರಕ್ಕೆ ಮನೆಗೆ ಕರೆತಂದರು. ಅದೇ ಭಾಷೆಯಿಂದ ಹೊಟ್ಟೆ ಹೊರೆಯುವ ನಾನು ಬಾಯಿ ಬಿಟ್ಟುಕೊಂಡು ಅವರ ಪೆಟ್ಟಿಗೆ ಹೊತ್ತುಕೊಂಡು ಬಂದೆ.

ಮೇ ತಿಂಗಳಲ್ಲಿ ಮಹಡಿಯ ಕೋಣೆ ಹೋಯಿತು. ಜೂನ್‌ನಲ್ಲಿ ನಮ್ಮ ಮಲಗುವ ಕೋಣೆ ಹೋಗಿ ನಾವು ನೆಲಮಾಳಿಗೆಗೆ ಇಳಿದೆವು. ಇದರಲ್ಲಿ ವಿಶೇಷವೇನೂ ಇಲ್ಲ. ಬೇಸಿಗೆಯಲ್ಲಿ ನಮ್ಮ ದ್ವೀಪದಲ್ಲಿ ಸ್ವಂತ ಮಂಚದ ಮೇಲೆ ಮಲಗುವವನು ಒಂದೋ ಪಾದ್ರಿ, ಇಲ್ಲವೇ ಸೋಮಾರಿ. ಆದರೆ ಜುಲೈಯಲ್ಲಿ, ವೈನ್ ಕೊಳ್ಳಲು ಕೆಳಗಿಳಿದ ಡಚ್ ದಂಪತಿಗೆ ಅಲ್ಲಿನ ಪೀಪಾಯಿಗಳೂ ಒಣಗಲು ತೂಗುಬಿಟ್ಟ ಹಂದಿತೊಡೆಯ ವಾಸನೆಯೂ ಹಿಡಿಸಿಬಿಟ್ಟು, ನೆಲಮಾಳಿಗೆಯೂ ಹೋಯಿತು. ವಿಂಕಾ ಅಡುಗೆಮನೆಯ ಬೆಂಚಿಗೆ ಬಂದಳು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು, ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಎಂಟು ವರ್ಷದಿಂದ ನಿಂತಿದ್ದ ಮಾವನವರ ದೋಣಿ ಹತ್ತಿದೆ. ಎಲ್ಲಿ ಬೇಕಾದರೂ ಬದುಕಬಲ್ಲವನಾಗಬೇಕೆಂಬ ನನ್ನ ಹನ್ನೊಂದು ವರ್ಷದ ಕನಸನ್ನು ಅತ್ತೆ ಒಂದೇ ಬೇಸಿಗೆಯಲ್ಲಿ, ಕಾಂಪೌಂಡಿನ ಒಳಗೇ ನನಸು ಮಾಡಿದ್ದರು.

ನನಗೆ ತಡೆಯಲಾಗದೆ ಇದ್ದದ್ದು ಅಂಜೂರದ ವಿಷಯ. ಹೊರಟು ನಿಂತ ಪ್ರತಿ ಅತಿಥಿಗೂ ಅತ್ತೆ ಒಣ ಅಂಜೂರದ ಒಂದು ಸರ ಕೊಡುತ್ತಿದ್ದರು, ಪುಕ್ಕಟೆ. ಸಂತೆಯಲ್ಲಿ ಇದಕ್ಕೆ ಬೆಲೆಯಿದೆ, ಹೀಗೆ ದಾನ ಮಾಡಿದರೆ ನೀವು ಸೋಲುತ್ತೀರಿ ಎಂದು ಎಚ್ಚರಿಸಿದೆ. (ಸೋಲಲಿ ಎಂಬುದೇ ನನ್ನ ಆಸೆ, ಆದರೂ ವ್ಯರ್ಥ ಖರ್ಚು ಕಂಡರೆ ಬುದ್ಧಿ ಹೇಳದೆ ಬಿಡುವ ಜಾಯಮಾನ ನನ್ನದಲ್ಲ.) ಅವರು ಮುಂದಿನ ಸರ ಪೋಣಿಸಿದರು. ಅತಿಥಿಗಳು ಅವರನ್ನು ನೋನಾ, ಅಂದರೆ ಅಜ್ಜಿ, ಎಂದು ಕರೆದು ತಬ್ಬಿಕೊಂಡು, ಶಾಲಾ ಮಕ್ಕಳ ಒಂದು ನೋಟುಬುಕ್ಕಿನಲ್ಲಿ ಏನೋ ಗೀಚಿ ಹೋಗುತ್ತಿದ್ದರು.

ಸಂತ ಮಾರ್ಟಿನ್ ಹಬ್ಬ ಬಂತು. ಪೀಪಾಯಿ ತೆರೆದು, ವಿಂಕಾ ಮೊದಲು ನನ್ನ ಲೆಕ್ಕ ಕೇಳಿದಳು. ಬ್ರೆಜಿಲ್ ಏರಿ, ಕೆನಡಾ ಇಳಿದು, ವಿಯೆಟ್ನಾಂ ಮಳೆಯಲ್ಲಿ ನೆನೆದು, ದಲ್ಲಾಳಿಯ ಪಾಲೂ ನಾಣ್ಯ ಬದಲಿಸಿದ ನಷ್ಟವೂ ಕಳೆದು ನನಗೆ ಉಳಿದ ಲಾಭದಲ್ಲಿ ಇಟಲಿಯ ಅಂಕೋನಾಕ್ಕೆ ಒಂದು ಹಡಗಿನ ಟಿಕೆಟ್ ಬರುತ್ತಿತ್ತು. ಹೋಗಲು ಮಾತ್ರ, ಅದೂ ಬಯಲು ಡೆಕ್ಕಿನಲ್ಲಿ. ಬೆಟ್ಟ ಅಗೆದು ಇಲಿ ಹಿಡಿದಿದ್ದೆ. ಅತ್ತೆ ಹಾಕಿದ ಹತ್ತೂ ಸಾವಿರವನ್ನು ವಾಪಸು ತೆಗೆದು, ಮೇಲೆ ನಾಲ್ಕು ಸಾವಿರ ಇಟ್ಟರು. ನಾನು ತಲೆ ತಗ್ಗಿಸಿ, ಹಸಿರು ಬಣ್ಣದ ಡಬ್ಬ ಎಷ್ಟು ಬೇಕಾಗುತ್ತದೆಂದು ಕೇಳಿದೆ.

"ಎಂಟು ತಗೊಂಡ್ಬಾ. ನಾವು ವಾಪಸು ಬರೋದ್ರೊಳಗೆ ಮುಗಿಸು," ಅಂದರು ಅತ್ತೆ.

ಎಲ್ಲಿಂದ ವಾಪಸು ಎಂದು ಕೇಳಿದೆ. ಅವರು ಆ ನೋಟುಬುಕ್ಕನ್ನು ಮೇಜಿನ ಮೇಲೆ ಇಟ್ಟರು. ಒಂಬತ್ತು ದೇಶ, ಮೂವತ್ತೊಂದು ಮನೆ. ಪ್ರತಿ ವಿಳಾಸದ ಕೆಳಗೂ ಅವರವರ ಕೈಬರಹದಲ್ಲಿ, ನೋನಾ, ಬಂದು ನಮ್ಮಲ್ಲೇ ಇರಬೇಕು ಎಂಬ ಒಕ್ಕಣೆ. ಲಿಂಜ್‌ನಲ್ಲಿ ಮೂರು ವಾರ, ಡಚ್ಚರ ಮನೆಯಲ್ಲಿ ಕ್ರಿಸ್‌ಮಸ್, ಪೋರ್ಟೋದಲ್ಲಿ ಈಸ್ಟರ್. ಬಾಡಿಗೆಯಿಲ್ಲ, ಊಟದ ಖರ್ಚಿಲ್ಲ. ದಾರಿಯಲ್ಲಿ ಇಂಗ್ಲಿಷ್ ಮಾತಾಡಲು ಜೊತೆಗೆ ವಿಂಕಾ.

"ನಾನೂ ಹೊರದೇಶದಲ್ಲೇ ಹಾಕಿದ್ದು ಅಳಿಯಾ, ಅಂಜೂರಾನ. ನಿನ್ನ ದುಡ್ಡು ಹೋಗಿರೋ ಊರಲ್ಲಿ ನಿಂಗೊಂದು ಲೋಟ ನೀರು ಕೊಡೋರು ಯಾರಾದ್ರೂ ಇದ್ದಾರಾ?"

ಯಾರೂ ಇರಲಿಲ್ಲ. ನೋಟುಬುಕ್ಕಿನ ಪುಟಗಳನ್ನು ಇನ್ನೊಮ್ಮೆ ತಿರುವಿದೆ. ಹಾಗಾದರೆ ನನ್ನ ಗತಿ ಏನು ಎಂದು ಮೆಲ್ಲಗೆ ಕೇಳಿದೆ. ವಿಂಕಾ ನನ್ನ ಕೈ ಹಿಡಿದುಕೊಂಡಳು, ಆದರೆ ಉತ್ತರ ಕೊಟ್ಟವರು ಅತ್ತೆ.

"ನೀನು ಎಲ್ಲಿ ಕೂತು ಬೇಕಾದ್ರೂ ಕೆಲಸ ಮಾಡಬಲ್ಲೆ ಅಲ್ವಾ? ಹಾಗಿದ್ರೆ ಇಲ್ಲೇ ಕೂತು ಮಾಡು."

ಒಂದು ವಾರದಲ್ಲಿ ಇಬ್ಬರೂ ಹೊರಟೇಬಿಟ್ಟರು. ಹಡಗಿನಲ್ಲಿ ಅಂಜೂರದ ಮೂಟೆಯ ಪಕ್ಕ ನೆಟ್ಟಗೆ ಕೂತ ಅತ್ತೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಚಳಿಗಾಲವಿಡೀ ಬಣ್ಣ ಬಳಿದೆ, ಚಾದರ ಒಗೆದೆ. (ಒಗೆಯುವ ಯಂತ್ರ ಕೆಟ್ಟಾಗ ಆ ಸಣ್ಣ ಪುಸ್ತಕ ತೆಗೆದು ಓದಿದೆ. ಒಂದಕ್ಷರ ಅರ್ಥವಾಗಲಿಲ್ಲ.)

ಈಸ್ಟರ್ ವಾರದಲ್ಲಿ ಪೋರ್ಟೋದಿಂದ ಅಪ್ಪಣೆಯಾಯಿತು, ರಟ್ಟು ಹಿಡಿದು ಕಟ್ಟೆಗೆ ಹೋಗಬೇಕೆಂದು. ಹೋಗಿ ನಿಂತು, ಗುರುಗಳು ಕಲಿಸಿದಂತೆ ಬೂಟುಗಳನ್ನೇ ದಿಟ್ಟಿಸಿದೆ. ಜನ ನನ್ನ ಮುಂದೆ ಬಂದು, ಕತ್ತು ವಾರೆ ಮಾಡಿ, ನಕ್ಕು ಮುಂದೆ ಹೋಗುತ್ತಿದ್ದರು. ಅರ್ಧ ಗಂಟೆಯಾಯಿತು. ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ಯಾರೂ ಸಿಗಲಿಲ್ಲ ಎಂದೆ.

"ರಟ್ಟು ಸರಿಯಾಗಿ ಹಿಡ್ಕೊಂಡಿದ್ದೀಯಾ?"

ನಾಲ್ಕು ಭಾಷೆಯಲ್ಲೂ ಬರೆದವನು ನಾನೇ ಎಂದು ಸ್ವಲ್ಪ ಬಿಗುಮಾನದಿಂದ ಹೇಳಿದೆ.

"ಬರೆದೋನು ನೀನೇ, ಸರಿ. ಒಂದ್ಸಲ ಬಗ್ಗಿ ನೋಡು."

ಬಗ್ಗಿ ನೋಡಿದೆ. ನಾಲ್ಕು ಭಾಷೆಗಳೂ ತಲೆಕೆಳಗಾಗಿದ್ದವು. ಎರಡು ಸಾವಿರ ಕಿಲೋಮೀಟರ್ ಆಚೆ ಕೂತ ಆ ಮುದುಕಿಗೆ ಅದು ಹೇಗೆ ಕಂಡಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ರಟ್ಟು ತಿರುಗಿಸಿ ಹಿಡಿದೆ. ಕೊನೆಗೆ ಹಿಮ್ಮಡಿ ಸವೆದ ಒಂದು ಜೊತೆ ಬೂಟು ನನ್ನ ಮುಂದೆ ನಿಂತಿತು. ಬೆನ್ನಿಗೆ ಚೀಲ, ಕೈಯಲ್ಲಿ ಲ್ಯಾಪ್‌ಟಾಪು. ತಾನು ಎಲ್ಲಿ ಕೂತು ಬೇಕಾದರೂ ಕೆಲಸ ಮಾಡುವವನು, ಒಂದು ಪ್ಲಗ್ಗಿದ್ದರೆ ಸಾಕು ಎಂದ. ಇದೆ ಎಂದೆ. ದಾರಿಯಲ್ಲಿ, ಸುಮ್ಮನೆ ಮಾತಿಗೆ, ಯಾವೂರು ಎಂದು ಕೇಳಿದೆ. ವಿಯೆಟ್ನಾಂನ ಹನೋಯಿ ಎಂದ. ಅಂಜೂರ ಕೊಡುವುದು ಹೊರಡುವ ದಿನ ಎಂಬುದು ಅತ್ತೆಯ ಕಟ್ಟುನಿಟ್ಟಾದ ಪದ್ಧತಿ. ನನಗೆ ಅಷ್ಟು ತಾಳ್ಮೆಯಿರಲಿಲ್ಲ. ಅಲ್ಲೇ ರಸ್ತೆಯಲ್ಲಿ ಅವನನ್ನು ನಿಲ್ಲಿಸಿ, ತಿನ್ನಲೆಂದು ಜೇಬಿನಲ್ಲಿಟ್ಟುಕೊಂಡಿದ್ದ ಇಡೀ ಸರವನ್ನು ಅವನ ಕೊರಳಿಗೆ ಹಾಕಿಬಿಟ್ಟೆ.